‘ಇದೆ’ಗೂ ‘ಇದೆಯಂತೆ’ಗೂ ನಡುವೆ: ಸಾಂಕ್ರಾಮಿಕದ ಹೊತ್ತಿನಲ್ಲಿ ಜನರೇ ಕಟ್ಟುವ ಮಾಹಿತಿಯನ್ನು ಎಷ್ಟು ನಂಬಬಹುದು?

“ಆಕ್ಸಿಜನ್ ಸಿಲಿಂಡರ್ ಸಿಗುತ್ತದೆ. ಈ ನಂಬರಿಗೆ ಕರೆ ಮಾಡಿ. ವೆರಿಫೈಡ್.”

2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಭಾರತದಲ್ಲಿ ಕೋವಿಡ್‌ನ ಎರಡನೇ ಅಲೆ ಎದ್ದಾಗ ಇಂಥ ಸಂದೇಶಗಳು ಲೆಕ್ಕವಿಲ್ಲದಷ್ಟು ಓಡಾಡಿದವು. ಕಳಿಸಿದವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಯಾರದೋ ಜೀವ ಉಳಿಯಲಿ ಎಂಬ ಆಸೆ ಇತ್ತು, ಅಷ್ಟೇ. ಆದರೂ ಆ ನಂಬರಿಗೆ ಕರೆ ಮಾಡಿದ ಎಷ್ಟೋ ಜನರಿಗೆ ಸಿಕ್ಕಿದ್ದು ಸ್ವಿಚ್ ಆಫ್ ಆದ ಫೋನು.

ಹೀಗೇಕಾಯಿತು ಎಂದು ತಿಳಿಯಲು ಅಂಥ ಒಂದು ಸಂದೇಶದ ಒಂದು ದಿನವನ್ನು ಹತ್ತಿರದಿಂದ ನೋಡಿದರೆ ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಒಬ್ಬರು ಸಿಲಿಂಡರ್ ಮಾರುವವರಿಗೆ ಕರೆ ಮಾಡುತ್ತಾರೆ ಎಂದುಕೊಳ್ಳಿ. “ಐದು ಇವೆ, ಬನ್ನಿ” ಎನ್ನುತ್ತಾರೆ ಅವರು. ಕರೆ ಮಾಡಿದವರು ಇದನ್ನು ನಾಲ್ಕು ಜನರಿಗೆ ಉಪಯೋಗವಾಗಲಿ ಎಂದು ಗ್ರೂಪಿಗೆ ಹಾಕುತ್ತಾರೆ. ಆ ಗಳಿಗೆಯಲ್ಲಿ ಅದು ನೂರಕ್ಕೆ ನೂರು ನಿಜ. ಹತ್ತು ಗಂಟೆಗೆ ಐದೂ ಖಾಲಿ. ಮಧ್ಯಾಹ್ನದ ಹೊತ್ತಿಗೆ ಸಂದೇಶ ಸಾವಿರ ಫೋನುಗಳಲ್ಲಿ ಇರುತ್ತದೆ. ಸಂಜೆಗೆ ಯಾರೋ ಅದನ್ನು ಕಾಪಿ ಮಾಡುವಾಗ ಊರಿನ ಹೆಸರು ಬಿಟ್ಟುಹೋಗುತ್ತದೆ. ಇನ್ನೊಬ್ಬರು ಧೈರ್ಯ ತುಂಬಲು ‘ವೆರಿಫೈಡ್’ ಎಂದು ಸೇರಿಸುತ್ತಾರೆ. ರಾತ್ರಿ ಮತ್ಯಾವುದೋ ಊರಿನಲ್ಲಿ ಒಬ್ಬ ಮಗಳು ಅಪ್ಪನ ಪಕ್ಕ ಕೂತು ಅದೇ ನಂಬರನ್ನು ಮತ್ತೆ ಮತ್ತೆ ಒತ್ತುತ್ತಿರುತ್ತಾಳೆ.

ಇಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ನಿಜವೇ ಹಳತಾಗಿ ಸುಳ್ಳಾಯಿತು.

ಅದೇ ದಿನಗಳಲ್ಲಿ ಇನ್ನೊಂದು ಬಗೆಯ ಸಂದೇಶವೂ ಓಡಾಡುತ್ತಿತ್ತು. “ಮಧ್ಯಾಹ್ನ 3.40ಕ್ಕೆ ಕರೆ ಮಾಡಿ ಕೇಳಿದೆವು. ಎರಡು ಉಳಿದಿವೆ. ಖಾಲಿ ಸಿಲಿಂಡರ್ ತಂದರೆ ಮಾತ್ರ ತುಂಬಿಸಿ ಕೊಡುತ್ತಾರೆ.” ಒಂದಷ್ಟು ಹುಡುಗ ಹುಡುಗಿಯರು ಸ್ಪ್ರೆಡ್‌ಶೀಟ್ ಇಟ್ಟುಕೊಂಡು, ಸರದಿ ಹಂಚಿಕೊಂಡು, ಪಟ್ಟಿಯಲ್ಲಿದ್ದ ಪ್ರತಿ ನಂಬರಿಗೂ ಕರೆ ಮಾಡಿ, ಖಾಲಿಯಾದದ್ದನ್ನು ಪಟ್ಟಿಯಿಂದ ತೆಗೆಯುತ್ತಿದ್ದರು. ತೆಗೆಯುವ ಕೆಲಸ ಸೇರಿಸುವ ಕೆಲಸಕ್ಕಿಂತ ದೊಡ್ಡದು. ಹೊಸ ನಂಬರ್ ಹಾಕಿದವರಿಗೆ ಧನ್ಯವಾದ ಸಿಗುತ್ತದೆ. ಹಳೆಯದನ್ನು ಅಳಿಸಿದವರನ್ನು ಯಾರೂ ಗಮನಿಸುವುದಿಲ್ಲ. ಆದರೆ ಆ ಪಟ್ಟಿ ನಂಬಿಕೆಗೆ ಉಳಿದದ್ದು ಅಳಿಸಿದವರಿಂದಲೇ.

ಈ ಎರಡು ಸಂದೇಶಗಳ ನಡುವಿನ ವ್ಯತ್ಯಾಸವನ್ನು ಹೇಳಲು ಕನ್ನಡದಲ್ಲಿ ಒಂದು ಪುಟ್ಟ ಪದವಿದೆ: ‘ಅಂತೆ’. ನಾನು ಕಣ್ಣಾರೆ ಕಂಡಿದ್ದರೆ ‘ಇದೆ’ ಎನ್ನುತ್ತೇನೆ. ಇನ್ನೊಬ್ಬರು ಹೇಳಿ ಕೇಳಿದ್ದರೆ ‘ಇದೆಯಂತೆ’ ಎನ್ನುತ್ತೇನೆ. ಮಾತಾಡುವಾಗ ನಾವು ಇದನ್ನು ಯೋಚಿಸದೆಯೇ ಪಾಲಿಸುತ್ತೇವೆ, ಅಲ್ವಾ? ಫಾರ್ವರ್ಡ್ ಬಟನ್ ಒತ್ತಿದಾಗ ಮಾತ್ರ ಈ ‘ಅಂತೆ’ ಉದುರಿಹೋಗುತ್ತದೆ. ಹತ್ತನೆಯವರ ಫೋನಿಗೆ ಬರುವ ಹೊತ್ತಿಗೆ ಎಲ್ಲವೂ ‘ಇದೆ’ಯೇ. ಜನರಿಂದ ಜನರಿಗಾಗಿ ನಡೆಯುವ ಯಾವುದೇ ಮಾಹಿತಿ ವೇದಿಕೆಯನ್ನು ನೋಡುವಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು: ಈ ವೇದಿಕೆ ‘ಅಂತೆ’ಯನ್ನು ಉಳಿಸಿಕೊಳ್ಳುತ್ತದೆಯೇ? ಅದನ್ನು ತೆಗೆದು ‘ಇದೆ’ ಎಂದು ಬರೆಯುವ ಹಕ್ಕು ಯಾರಿಗಿದೆ? ತೆಗೆದವರು ಯಾವಾಗ, ಏನನ್ನು ನೋಡಿ ತೆಗೆದರು ಎಂಬುದಕ್ಕೆ ದಾಖಲೆ ಇದೆಯೇ?

‘ಅಂತೆ’ಯನ್ನು ಉಳಿಸಿಕೊಳ್ಳುವ ಈ ಕೆಲಸವನ್ನು ಇಂಟರ್ನೆಟ್ಟಿನಲ್ಲಿ ಬಹಳ ವರ್ಷಗಳಿಂದ ಮಾಡುತ್ತಾ ಬಂದಿರುವುದು ‘ಪ್ರೊಮೆಡ್’. 1994ರಲ್ಲಿ ಒಂದು ಸಾದಾ ಇಮೇಲ್ ಪಟ್ಟಿಯಾಗಿ ಶುರುವಾಯಿತು. ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ವೈದ್ಯರು, ಪಶುವೈದ್ಯರು, ಸಾಮಾನ್ಯ ಓದುಗರು “ನಮ್ಮ ಕಡೆ ಹೀಗೊಂದು ಕಾಯಿಲೆ ಕಾಣಿಸುತ್ತಿದೆ” ಎಂದು ಬರೆಯಬಹುದು. ವಿಷಯ ಬಲ್ಲ ಸಂಪಾದಕರು ಅದನ್ನು ಓದಿ, ತಮ್ಮ ಟಿಪ್ಪಣಿ ಸೇರಿಸಿ, ಎಲ್ಲರಿಗೂ ಕಳಿಸುತ್ತಾರೆ. 2003ರ ಫೆಬ್ರವರಿ 10ರಂದು ಅಲ್ಲಿ ಒಂದು ಚಿಕ್ಕ ಪ್ರಶ್ನೆ ಬಂತು. ಚೀನಾದ ಗುವಾಂಗ್‌ಝೌನಲ್ಲಿ ಏನೋ ಕಾಯಿಲೆ ಹರಡಿದೆಯಂತೆ, ಆಸ್ಪತ್ರೆಗಳನ್ನು ಮುಚ್ಚಿದ್ದಾರಂತೆ, ಜನ ಸಾಯುತ್ತಿದ್ದಾರಂತೆ, ಯಾರಿಗಾದರೂ ಗೊತ್ತೇ ಎಂದು. ಬರೆದವರಿಗೆ ಆ ಸುದ್ದಿ ಬಂದದ್ದು ಪರಿಚಯದವರೊಬ್ಬರ ಮೂಲಕ, ಅವರಿಗೆ ಒಂದು ಚಾಟ್ ರೂಮಿನಿಂದ. ಪಕ್ಕಾ ಅಂತೆಕಂತೆ. ಆದರೆ ಅದು ಸಾರ್ಸ್ ಆಗಿತ್ತು, ಆ ವರ್ಷ ಹಲವು ದೇಶಗಳಿಗೆ ಹರಡಿ ಜೀವ ತೆಗೆದ ಶ್ವಾಸಕೋಶದ ಸೋಂಕು.

2019ರ ಡಿಸೆಂಬರ್ 30ರಂದು ಮತ್ತೆ ಹೀಗೆಯೇ ಆಯಿತು. ವುಹಾನ್‌ನಲ್ಲಿ ಕಾರಣ ತಿಳಿಯದ ನ್ಯುಮೋನಿಯಾ ಎಂಬ ಸುಳಿವು ಚೀನಾದ ಸಾಮಾಜಿಕ ಜಾಲತಾಣಗಳಲ್ಲಿ ಓಡಾಡುತ್ತಿತ್ತು. ಪ್ರೊಮೆಡ್ ಅದನ್ನು ಜಗತ್ತಿಗೆ ಕಳಿಸಿತು. ಅದರ ತಲೆಬರಹವನ್ನು ಗಮನಿಸಬೇಕು. ‘ಹೊಸ ರೋಗ ಬಂದಿದೆ’ ಎಂದು ಬರೆಯಲಿಲ್ಲ. ‘ಪತ್ತೆಯಾಗದ ನ್ಯುಮೋನಿಯಾ, ಮಾಹಿತಿ ಬೇಕಾಗಿದೆ’ ಎಂಬರ್ಥದಲ್ಲಿ ಬರೆದರು. ಸುದ್ದಿಯನ್ನು ಮುಚ್ಚಿಡಲಿಲ್ಲ, ಉಬ್ಬಿಸಲೂ ಇಲ್ಲ. ‘ಅಂತೆ’ಯನ್ನು ಹಣೆಯ ಮೇಲೆ ಬರೆದುಕೊಂಡೇ ಅದು ಜಗತ್ತನ್ನು ಸುತ್ತಿತು. ಗಾಳಿಸುದ್ದಿಗೂ ಎಚ್ಚರಿಕೆಯ ಗಂಟೆಗೂ ಇರುವ ಅಂತರ ಎಷ್ಟು ತೆಳು, ಆದರೆ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ರೋಗ ಹರಡಿದ ಮೇಲೆ ಪ್ರಶ್ನೆ ಬದಲಾಗುತ್ತದೆ. ‘ಏನೋ ಇದೆಯಂತೆ’ ಎನ್ನುವುದು ಹೋಗಿ ‘ಎಷ್ಟಿದೆ?’ ಎಂಬುದು ಬರುತ್ತದೆ. ಈ ಎಣಿಕೆಯನ್ನು ಸರ್ಕಾರಗಳು ಮಾಡಬೇಕಿತ್ತು. ಆದರೆ 2020ರ ಮೊದಲ ತಿಂಗಳುಗಳಲ್ಲಿ ಎಲ್ಲವನ್ನೂ ಒಂದೇ ಕಡೆ ಕೂಡಿಸಿ ತೋರಿಸಿದವರಲ್ಲಿ ಹೆಚ್ಚಿನವರು ಸರ್ಕಾರದ ಹೊರಗಿನವರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಲಾರೆನ್ ಗಾರ್ಡ್ನರ್ ಮತ್ತು ಅವರ ವಿದ್ಯಾರ್ಥಿ ಎನ್‌ಶೆಂಗ್ ಡಾಂಗ್ 2020ರ ಜನವರಿ 22ರಂದು ತಮ್ಮ ನಕ್ಷೆಯನ್ನು ಹೊರಗೆ ಬಿಟ್ಟರು. ಮೊದಲ ದಿನಗಳಲ್ಲಿ ಸಂಖ್ಯೆಗಳನ್ನು ಕೈಯಿಂದಲೇ ತುಂಬಿಸುತ್ತಿದ್ದರು. ಅವರಿಗೆ ಚೀನಾದ ಅಂಕಿಗಳು ಸಿಗುತ್ತಿದ್ದದ್ದು ಅಲ್ಲಿನ ವೈದ್ಯರು ಬಳಸುವ ಒಂದು ಆನ್‌ಲೈನ್ ತಾಣದಿಂದ. ಆಮೇಲೆ ಅವರು ತಮ್ಮ ಅಂಕಿಗಳನ್ನೆಲ್ಲ ಪ್ರೋಗ್ರಾಮರ್‌ಗಳು ಕೋಡ್, ಅಂಕಿಅಂಶ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ತೆರೆದಿಟ್ಟರು. ಅದರಿಂದ ಒಂದು ಒಳ್ಳೆಯ ಕೆಲಸವಾಯಿತು. “ನಮ್ಮ ದೇಶದ ನಿನ್ನೆಯ ಸಂಖ್ಯೆ ತಪ್ಪಾಗಿದೆ, ಇಲ್ಲಿದೆ ನೋಡಿ ಅಧಿಕೃತ ಪ್ರಕಟಣೆ” ಎಂದು ಬೇರೆ ಬೇರೆ ದೇಶಗಳ ಜನ ಅಲ್ಲೇ ಬರೆಯತೊಡಗಿದರು. ಓದುಗರೇ ತಾಳೆ ನೋಡುವವರಾದರು.

ಭಾರತದಲ್ಲಿ 2020ರ ಮಾರ್ಚ್‌ನಲ್ಲಿ ಕೋವಿಡ್19ಇಂಡಿಯಾ ಎಂಬ ತಾಣವನ್ನು ಸ್ವಯಂಸೇವಕರು ಕಟ್ಟಿದರು. ಒಂದೊಂದು ರಾಜ್ಯದ ಬುಲೆಟಿನ್ ಒಂದೊಂದು ರೀತಿ. ಕೆಲವು ಪಿಡಿಎಫ್, ಕೆಲವು ಟ್ವೀಟ್, ಕೆಲವು ಬರೀ ಫೋಟೊ. ಬರುವ ಹೊತ್ತೂ ಬೇರೆ. ಇವನ್ನೆಲ್ಲ ಓದಿ, ಜಿಲ್ಲೆವಾರು ಬಿಡಿಸಿ, ಒಂದೇ ಪಟ್ಟಿಗೆ ತರುವ ಕೆಲಸ ಹಗಲೂ ರಾತ್ರಿ ನಡೆಯಿತು. ಸಂಖ್ಯೆಯ ಹಿಂದಿನ ಮೂಲ ಯಾವುದು ಎಂಬುದನ್ನು ಮುಚ್ಚಿಡಲಿಲ್ಲ. ಯಾರು ಬೇಕಾದರೂ ಹೋಗಿ ತಾಳೆ ನೋಡಬಹುದಿತ್ತು. ಪತ್ರಿಕೆಗಳು, ಸಂಶೋಧಕರು ಇದನ್ನೇ ಬಳಸಿದರು. 2021ರ ಅಕ್ಟೋಬರ್ 31ಕ್ಕೆ ಆ ತಂಡ ಕೆಲಸ ನಿಲ್ಲಿಸಿತು.

ಅಮೆರಿಕದ ‘ಕೋವಿಡ್ ಟ್ರ್ಯಾಕಿಂಗ್ ಪ್ರಾಜೆಕ್ಟ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಂಬಿಕೆ ಎಂಬುದನ್ನು ದಿನದಿನದ ದುಡಿಮೆಯಿಂದ ಹೇಗೆ ಕಟ್ಟುತ್ತಾರೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ. 2020ರ ಮಾರ್ಚ್ 7ರಂದು ಅದು ಶುರುವಾಯಿತು. ‘ಅಟ್ಲಾಂಟಿಕ್’ ಪತ್ರಿಕೆಯ ಇಬ್ಬರು ಪತ್ರಕರ್ತರು, ಡೇಟಾ ವಿಜ್ಞಾನಿಯೊಬ್ಬರು ಇಟ್ಟುಕೊಂಡಿದ್ದ ಸ್ಪ್ರೆಡ್‌ಶೀಟುಗಳೇ ಅದರ ಬೀಜ. ಆಮೇಲೆ ನೂರಾರು ಸ್ವಯಂಸೇವಕರು ಸೇರಿದರು. ಪ್ರತಿದಿನ ಪ್ರತಿ ರಾಜ್ಯದ ವೆಬ್ ಪುಟ ತೆರೆಯಬೇಕು. ಒಬ್ಬರು ಸಂಖ್ಯೆ ತುಂಬಬೇಕು, ಇನ್ನೊಬ್ಬರು ಅದನ್ನು ಮತ್ತೆ ನೋಡಬೇಕು. ಪುಟದ ಸ್ಕ್ರೀನ್‌ಶಾಟ್ ಎತ್ತಿಡಬೇಕು, ಯಾಕೆಂದರೆ ನಾಳೆ ಆ ಪುಟ ಬದಲಾಗಿರಬಹುದು. ರಾಜ್ಯಗಳು ಎಷ್ಟು ಪೂರ್ತಿಯಾಗಿ ಮಾಹಿತಿ ಕೊಡುತ್ತವೆ ಎಂಬುದಕ್ಕೆ ಶಾಲೆಯಲ್ಲಿ ಕೊಡುವಂತೆ ಗ್ರೇಡ್ ಕೂಡ ಕೊಟ್ಟರು.

ಕೈಯಿಂದ ತುಂಬಿಸುವುದರಲ್ಲಿ ಒಂದು ಲಾಭವಿದೆ. ಸಂಖ್ಯೆಯ ಗುಣ ಗೊತ್ತಾಗುತ್ತದೆ. ನವೆಂಬರ್ ಕೊನೆಯ ರಜೆಯ ದಿನಗಳಲ್ಲಿ ಸೋಂಕಿನ ಸಂಖ್ಯೆ ಇಳಿದಂತೆ ಕಾಣುತ್ತದೆ, ಆದರೆ ಕಚೇರಿ ಮತ್ತು ಲ್ಯಾಬ್ ಮುಚ್ಚಿರುವುದರಿಂದ ಹಾಗೆ ಕಾಣುತ್ತದೆ ಎಂದು ಅವರು ಮೊದಲೇ ಓದುಗರನ್ನು ಎಚ್ಚರಿಸಿದರು. ಈಗ ಸೋಂಕು ಇದೆಯೇ ಎಂದು ಹೇಳುವ ಪರೀಕ್ಷೆ ಬೇರೆ. ಹಿಂದೆ ಯಾವಾಗಲೋ ಬಂದಿತ್ತೇ ಎಂದು ಹೇಳುವ ಆ್ಯಂಟಿಬಾಡಿ ಪರೀಕ್ಷೆ ಬೇರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಇವೆರಡನ್ನೂ ಕೂಡಿಸಿ ಒಂದೇ ಲೆಕ್ಕ ಕೊಡುತ್ತಿದೆ ಎಂಬುದು 2020ರ ಮೇ ತಿಂಗಳಲ್ಲಿ ಹೊರಬಂತು. ಸಂಸ್ಥೆಯೂ ಒಪ್ಪಿಕೊಂಡಿತು. ಕಾಲಂ ಕಾಲಂ ಬಿಡಿಸಿ ನೋಡುತ್ತಾ ಕೂತವರಿಗೆ ಮಾತ್ರ ಇಂಥ ತಪ್ಪು ಕಣ್ಣಿಗೆ ಬೀಳುತ್ತದೆ.

ಅಧಿಕೃತ ಎಂದ ಮಾತ್ರಕ್ಕೆ ತಪ್ಪಿಲ್ಲ ಎಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ 15,841 ಸೋಂಕಿನ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಕಾರಣ ಹಳೆಯ ಮಾದರಿಯ ಎಕ್ಸೆಲ್ ಫೈಲು. ಅದರಲ್ಲಿ ಸಾಲುಗಳು ಮುಗಿದುಹೋಗಿದ್ದವು, ಉಳಿದ ಹೆಸರುಗಳು ಒಳಗೆ ಬರಲೇ ಇಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟು ದಿನ ತಡವಾಯಿತು. ಹಾಗಾಗಿ ‘ಸರ್ಕಾರವನ್ನು ನಂಬಬೇಕೋ ಜನರನ್ನು ನಂಬಬೇಕೋ’ ಎಂಬ ಪ್ರಶ್ನೆಯೇ ಸರಿಯಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಪ್ರಮಾಣಿಸಿ ನೋಡಲು ದಾರಿ ಬಿಟ್ಟಿದ್ದಾರೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಸರ್ಕಾರ ಮತ್ತು ಜನ ಕೈಜೋಡಿಸಿದಾಗ ಏನಾಗುತ್ತದೆ ಎಂಬುದನ್ನು ತೈವಾನ್ ತೋರಿಸಿತು. 2020ರ ಫೆಬ್ರವರಿ ಆರಂಭ. ಮಾಸ್ಕಿಗಾಗಿ ಜನ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದರು. ತೈನಾನ್ ನಗರದ ಒಬ್ಬ ಪ್ರೋಗ್ರಾಮರ್ ಒಂದು ನಕ್ಷೆ ಮಾಡಿದರು. ಯಾವ ಅಂಗಡಿಯಲ್ಲಿ ಮಾಸ್ಕ್ ಇದೆ, ಎಲ್ಲಿ ಮುಗಿದಿದೆ ಎಂದು ಜನರೇ ಅದರಲ್ಲಿ ಗುರುತು ಹಾಕಬೇಕು. ಅದನ್ನು ನೋಡಲು ಎಷ್ಟು ಜನ ಮುಗಿಬಿದ್ದರೆಂದರೆ, ಗೂಗಲ್ ಮ್ಯಾಪ್ಸ್ ಬಳಸಿದ್ದಕ್ಕೆ ಅವರಿಗೆ ಭಾರಿ ಬಿಲ್ ಬಂತು. ಆಗ ಸಚಿವೆಯಾಗಿದ್ದ ಆಡ್ರೆ ಟ್ಯಾಂಗ್ ಇದನ್ನು ಗಮನಿಸಿದರು. ಫೆಬ್ರವರಿ 6ರಿಂದ ಔಷಧ ಅಂಗಡಿಗಳಲ್ಲಿ ವಿಮಾ ಕಾರ್ಡ್ ತೋರಿಸಿ ಮಾಸ್ಕ್ ಪಡೆಯುವ ವ್ಯವಸ್ಥೆ ಶುರುವಾದಾಗ, ಪ್ರತಿ ಅಂಗಡಿಯ ದಾಸ್ತಾನಿನ ಲೆಕ್ಕವನ್ನು ಸರ್ಕಾರ ಎಲ್ಲರಿಗೂ ತೆರೆದಿಟ್ಟಿತು. ಅದನ್ನು ಬಳಸಿ ಜನ ತಮ್ಮ ತಮ್ಮ ನಕ್ಷೆ, ಆ್ಯಪ್, ಚಾಟ್‌ಬಾಟ್ ಮಾಡಿಕೊಂಡರು. ಕಣ್ಣು ಕಾಣದವರಿಗಾಗಿ ಮಾತಿನಲ್ಲಿ ಉತ್ತರಿಸುವಂಥವೂ ಬಂದವು.

ಅಲ್ಲೂ ಒಂದು ತೊಡಕು ಎದುರಾಯಿತು. ಕೆಲವು ಔಷಧ ಅಂಗಡಿಯವರು ಬೆಳಿಗ್ಗೆಯೇ ಜನರಿಗೆ ಸರದಿಯ ಚೀಟಿ ಹಂಚಿಬಿಡುತ್ತಿದ್ದರು. ಮಾಸ್ಕ್ ಕೊಡುತ್ತಿದ್ದದ್ದು ಸಂಜೆ. ಹೀಗಾಗಿ ನಕ್ಷೆಯಲ್ಲಿ ದಿನವಿಡೀ ‘ಮಾಸ್ಕ್ ಇದೆ’ ಎಂದೇ ತೋರಿಸುತ್ತಿತ್ತು. ನಕ್ಷೆ ನೋಡಿ ಓಡಿ ಬಂದವರಿಗೆ ಅಂಗಡಿಯಾತ “ಎಲ್ಲ ಹಂಚಿಯಾಯಿತು” ಎನ್ನುತ್ತಿದ್ದ. ಜನ ಅಂಗಡಿಯವರ ಮೇಲೆ ಸಿಟ್ಟಾದರು. ಅಂಗಡಿಯವರು ನಕ್ಷೆಯ ಮೇಲೆ ಸಿಟ್ಟಾದರು, ‘ಆ್ಯಪ್ ನಂಬಬೇಡಿ’ ಎಂದು ಬಾಗಿಲಿಗೆ ಬರೆದು ಅಂಟಿಸಿದವರೂ ಇದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಲೆಕ್ಕದಲ್ಲಿದ್ದದ್ದು ‘ಇರುವ ಮಾಸ್ಕ್’, ಜನರಿಗೆ ಬೇಕಿದ್ದದ್ದು ‘ಸಿಗುವ ಮಾಸ್ಕ್’. ದೂರು ಕೇಳಿದವರು ಸುಮ್ನೆ ಕೂರಲಿಲ್ಲ. ಚೀಟಿ ಮುಗಿದ ಕೂಡಲೇ ಅಂಗಡಿಯವರು ತಮ್ಮನ್ನು ನಕ್ಷೆಯಿಂದ ಮರೆಮಾಡಿಕೊಳ್ಳುವ ಬಟನ್ ಕೊಟ್ಟರು. ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ದಿನವೂ ಜನರನ್ನು ಎದುರಿಸುವವನ ಮಾತು ಕೇಳದೆ ಇದ್ದಿದ್ದರೆ, ಅಷ್ಟು ಒಳ್ಳೆಯ ವ್ಯವಸ್ಥೆಯೂ ಒಂದು ವಾರದಲ್ಲಿ ನಂಬಿಕೆ ಕಳೆದುಕೊಳ್ಳುತ್ತಿತ್ತು.

ಇದುವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ವಿಷಯ. ಸಿಲಿಂಡರ್ ಇದೆಯೇ, ಮಾಸ್ಕ್ ಇದೆಯೇ, ಬುಲೆಟಿನ್‌ನಲ್ಲಿ ಎಷ್ಟೆಂದು ಬರೆದಿದೆ. ಮೈಯಲ್ಲಿ ಆಗುವುದನ್ನೂ ಜನರೇ ಹೇಳಬಲ್ಲರು. 2020ರ ಮಾರ್ಚ್ 24ರಂದು ಬ್ರಿಟನ್ನಿನಲ್ಲಿ ‘ಜೋಯಿ’ ಎಂಬ ಆ್ಯಪ್ ಬಂತು. ಕಿಂಗ್ಸ್ ಕಾಲೇಜ್ ಲಂಡನ್ನಿನ ಸಂಶೋಧಕರು ಅದರ ಹಿಂದಿದ್ದರು. ದಿನಕ್ಕೊಮ್ಮೆ ಒಂದು ನಿಮಿಷ ತೆಗೆದು, ನಿಮಗೆ ಹೇಗಿದೆ ಎಂದು ಬರೆಯಬೇಕು. ಆರೋಗ್ಯವಾಗಿದ್ದರೂ ಬರೆಯಬೇಕು. ಮೊದಲ ಒಂದೆರಡು ದಿನಗಳಲ್ಲೇ ಹತ್ತು ಲಕ್ಷ ಜನ ಸೇರಿದರು. ಕೆಲವೇ ವಾರಗಳಲ್ಲಿ ಒಂದು ವಿಷಯ ಎದ್ದು ಕಂಡಿತು: ವಾಸನೆ, ರುಚಿ ಗೊತ್ತಾಗುತ್ತಿಲ್ಲ ಎಂದು ತುಂಬಾ ಜನ ಬರೆಯುತ್ತಿದ್ದರು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರಲ್ಲಿ ಶೇ 65ರಷ್ಟು ಜನರಿಗೆ ಹಾಗಾಗಿತ್ತು. ನೆಗೆಟಿವ್ ಬಂದವರಲ್ಲಿ ಹಾಗೆ ಹೇಳಿದವರು ಶೇ 22ರ ಆಸುಪಾಸು. ಮೇ 18ರಂದು ಬ್ರಿಟನ್ ತನ್ನ ಅಧಿಕೃತ ಲಕ್ಷಣಗಳ ಪಟ್ಟಿಗೆ ಇದನ್ನು ಸೇರಿಸಿತು.

ಚೆನ್ನಾಗಿದ್ದವರೂ ಬರೆದದ್ದೇ ಇಲ್ಲಿನ ಗುಟ್ಟು. ಕಾಯಿಲೆಯವರು ಮಾತ್ರ ಬರೆದಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ. ಆದರೂ ಈ ಚಿತ್ರ ಪೂರ್ತಿಯಲ್ಲ. ಸ್ಮಾರ್ಟ್‌ಫೋನ್ ಇಲ್ಲದವರು ಇದರಲ್ಲಿಲ್ಲ. ಐಸಿಯುನಲ್ಲಿ ಮಲಗಿದವರು ಆ್ಯಪ್ ತೆರೆದು ಬರೆಯುವುದಿಲ್ಲ. ತೀರಿಹೋದವರು ಬರೆಯುವುದಿಲ್ಲ. ಜನರಿಂದ ಬಂದ ಮಾಹಿತಿ ಎಂದಾಗ ಯಾವ ಜನ ಎಂದು ಕೇಳಲೇಬೇಕು.

ಜನರನ್ನು ಕೇಳದೆಯೇ ಅವರಿಂದ ಮಾಹಿತಿ ತೆಗೆಯಲು ಹೋದದ್ದೂ ಉಂಟು. ಗೂಗಲ್ 2008ರಲ್ಲಿ ‘ಫ್ಲೂ ಟ್ರೆಂಡ್ಸ್’ ತಂದಿತು. ಜನ ಏನನ್ನು ಹುಡುಕುತ್ತಾರೆ ಎಂಬುದನ್ನು ನೋಡಿ ಜ್ವರ ಎಷ್ಟು ಹರಡಿದೆ ಎಂದು ಹೇಳುವ ಪ್ರಯತ್ನ ಅದು. 2012-13ರ ಚಳಿಗಾಲದಲ್ಲಿ ಅದರ ಅಂದಾಜು ನಿಜವಾದ ಲೆಕ್ಕಕ್ಕಿಂತ ಬಹಳ ಮೇಲೆ ಹೋಯಿತು. 2015ರಲ್ಲಿ ನಿಲ್ಲಿಸಿದರು. ಜ್ವರದ ಬಗ್ಗೆ ಹುಡುಕುವವರೆಲ್ಲ ಜ್ವರ ಬಂದವರಲ್ಲ. ಟೀವಿಯಲ್ಲಿ ಸುದ್ದಿ ಬಂದರೂ ಹುಡುಕುತ್ತಾರೆ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರೋಣ. ಯಾವ ಔಷಧ ಕೆಲಸ ಮಾಡುತ್ತದೆ? ಈ ಪ್ರಶ್ನೆಗೆ ಎಷ್ಟು ಲಕ್ಷ ಜನರ ಅನುಭವ ಕೂಡಿಸಿದರೂ ಉತ್ತರ ಸಿಗುವುದಿಲ್ಲ. “ನಾನು ಇದನ್ನು ತಗೊಂಡೆ, ಐದು ದಿನದಲ್ಲಿ ಹುಷಾರಾದೆ” ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಕೋವಿಡ್ ಬಂದವರಲ್ಲಿ ಹೆಚ್ಚಿನವರು ಏನೂ ತಗೊಳ್ಳದೆಯೂ ಹುಷಾರಾಗುತ್ತಿದ್ದರು. ತಗೊಂಡೂ ಉಳಿಯದವರು ಬಂದು ತಮ್ಮ ಕಥೆ ಹೇಳಲಾರರು.

ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಜಗತ್ತಿಗೇ ಭರವಸೆ ಇತ್ತು. ಬ್ರಿಟನ್ನಿನ ‘ರಿಕವರಿ’ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿದರು. 1,561 ಜನರಿಗೆ ಆ ಔಷಧ ಕೊಟ್ಟರು, 3,155 ಜನರಿಗೆ ಅದನ್ನು ಬಿಟ್ಟು ಮಾಮೂಲಿ ಚಿಕಿತ್ಸೆ ಕೊಟ್ಟರು. ಸಾವಿನ ಪ್ರಮಾಣದಲ್ಲಿ ಲಾಭವೇನೂ ಕಾಣಲಿಲ್ಲ. 2020ರ ಜೂನ್ 5ರಂದು ಹಾಗೆಂದು ಪ್ರಕಟಿಸಿದರು. ಅದೇ ತಿಂಗಳ 16ರಂದು ಅದೇ ಪ್ರಯೋಗದಿಂದ ಒಳ್ಳೆಯ ಸುದ್ದಿಯೂ ಬಂತು. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೆರಾಯ್ಡ್, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡಿತು. ಆಕ್ಸಿಜನ್ ಬೇಕಿಲ್ಲದ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ. ಇಷ್ಟು ಸೂಕ್ಷ್ಮವಾದ ಉತ್ತರವನ್ನು ಯಾವ ಗ್ರೂಪಿನ ಚರ್ಚೆಯೂ ಕೊಡಲಾರದು.

ಇದನ್ನು ಮರೆತರೆ ಜೀವ ಹೋಗುತ್ತದೆ. ಮದ್ಯ ಕುಡಿದರೆ ವೈರಸ್ ಸಾಯುತ್ತದೆ ಎಂಬ ಸುದ್ದಿ ಹಬ್ಬಿ, 2020ರ ಆರಂಭದ ತಿಂಗಳುಗಳಲ್ಲಿ ಇರಾನ್‌ನಲ್ಲಿ ಮೆಥನಾಲ್ ಬೆರೆತದ್ದನ್ನು ಕುಡಿದು ನೂರಾರು ಜನ ಸತ್ತರು. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೊಸ್ ಅಧಾನೊಮ್ ಗೆಬ್ರೆಯೆಸಸ್ 2020ರ ಫೆಬ್ರವರಿಯಲ್ಲೇ ಇದಕ್ಕೆ ‘ಇನ್ಫೋಡೆಮಿಕ್’ ಎಂಬ ಪದ ಬಳಸಿ ಎಚ್ಚರಿಸಿದ್ದರು. ಸೋಂಕಿನಂತೆ ಮಾಹಿತಿಯೂ ಹರಡುತ್ತದೆ, ಸರಿ ಮತ್ತು ತಪ್ಪು ಒಟ್ಟಿಗೇ.

ಹಾಗಾದರೆ ಜನರೇ ಬರೆಯುವ ವೇದಿಕೆ ಔಷಧದ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕೇ? ಬೇಕಿಲ್ಲ. ವಿಕಿಪೀಡಿಯ ಇದಕ್ಕೆ ದಾರಿ ಹುಡುಕಿಕೊಂಡಿದೆ. ಅದರ ಇಂಗ್ಲಿಷ್ ಆವೃತ್ತಿಯಲ್ಲಿ ಈ ಸಾಂಕ್ರಾಮಿಕದ ಬಗ್ಗೆ ಲೇಖನ ಶುರುವಾದದ್ದು 2020ರ ಜನವರಿ 5ರಂದು, ರೋಗಕ್ಕೆ ಹೆಸರೂ ಇಲ್ಲದಿದ್ದಾಗ. ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಎಂದರೆ ಎಲ್ಲರೂ ಏನು ಬೇಕಾದರೂ ಗೀಚಬಹುದು ಎಂದುಕೊಳ್ಳುತ್ತಾರೆ. ಆರೋಗ್ಯದ ವಿಷಯದಲ್ಲಿ ಅಲ್ಲಿನ ನಿಯಮ ಬಹಳ ಬಿಗಿ. ನಿನ್ನೆ ಬಂದ ಒಂದು ಅಧ್ಯಯನವನ್ನೋ, ಪತ್ರಿಕೆಯ ಸುದ್ದಿಯನ್ನೋ ತೋರಿಸಿ ‘ಈ ಔಷಧದಿಂದ ಗುಣವಾಗುತ್ತದೆ’ ಎಂದು ಬರೆಯುವಂತಿಲ್ಲ. ಹಲವು ಅಧ್ಯಯನಗಳನ್ನು ತೂಗಿ ನೋಡಿದ ವಿಮರ್ಶಾ ಲೇಖನವೋ, ವೈದ್ಯಕೀಯ ಸಂಸ್ಥೆಗಳ ಮಾರ್ಗಸೂಚಿಯೋ ಬೇಕು. ಹೆಚ್ಚು ಗಲಾಟೆ ನಡೆಯುವ ಪುಟಗಳನ್ನು ಹೊಸ ಖಾತೆಗಳು ತಿದ್ದದಂತೆ ಬೀಗ ಹಾಕುತ್ತಾರೆ. ಪ್ರತಿ ತಿದ್ದುಪಡಿಯೂ ಇತಿಹಾಸದ ಪುಟದಲ್ಲಿ ಉಳಿಯುತ್ತದೆ. ಅಲ್ಲಿ ಜನ ಮಾಡುವುದು ತೀರ್ಪು ಕೊಡುವ ಕೆಲಸವಲ್ಲ. ಬಲ್ಲವರು ಕೊಟ್ಟ ತೀರ್ಪನ್ನು ಹುಡುಕಿ, ಓದಿ, ಎಲ್ಲರಿಗೂ ಅರ್ಥವಾಗುವಂತೆ ಬರೆಯುವ ಕೆಲಸ. 2020ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ವಿಕಿಮೀಡಿಯ ಫೌಂಡೇಶನ್ ಜೊತೆ ಒಪ್ಪಂದ ಮಾಡಿಕೊಂಡು, ತನ್ನ ಚಿತ್ರ ಮತ್ತು ವಿಡಿಯೊಗಳನ್ನು ಮುಕ್ತವಾಗಿ ಬಳಸಲು ಕೊಟ್ಟಿತು.

ಸುಳ್ಳನ್ನು ಗುರುತಿಸುವ ಕೆಲಸವನ್ನೂ ಜನರಿಗೆ ಕೊಟ್ಟು ನೋಡಿದ್ದಾರೆ. 2021ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ನಿಯತಕಾಲಿಕದಲ್ಲಿ ಬಂದ ಒಂದು ಅಧ್ಯಯನ 207 ಲೇಖನಗಳನ್ನು ತೆಗೆದುಕೊಂಡಿತು. ರಾಜಕೀಯವಾಗಿ ಎರಡೂ ಕಡೆಯವರು ಸಮನಾಗಿರುವ ಸಾಮಾನ್ಯ ಜನರ ಚಿಕ್ಕ ಗುಂಪುಗಳು ತಲೆಬರಹ ಮತ್ತು ಮೊದಲ ಸಾಲು ಓದಿ ಕೊಟ್ಟ ಅಂಕ, ವೃತ್ತಿಪರ ಸತ್ಯಶೋಧಕರ ಅಭಿಪ್ರಾಯಕ್ಕೆ ಸಾಕಷ್ಟು ಹತ್ತಿರ ಬಂತು. ಟ್ವಿಟರ್ 2021ರ ಜನವರಿಯಲ್ಲಿ ಶುರು ಮಾಡಿದ ‘ಬರ್ಡ್‌ವಾಚ್’ ಮುಂದೆ ‘ಕಮ್ಯೂನಿಟಿ ನೋಟ್ಸ್’ ಆಯಿತು. ಅದರ ಉಪಾಯ ಚೆನ್ನಾಗಿದೆ. ಒಂದು ಟಿಪ್ಪಣಿಯನ್ನು ಬರೀ ಹೆಚ್ಚು ಜನ ಮೆಚ್ಚಿದರೆ ಸಾಲದು. ಸಾಮಾನ್ಯವಾಗಿ ಒಬ್ಬರಿಗೊಬ್ಬರು ಒಪ್ಪದವರು ಇದನ್ನು ಮಾತ್ರ ಒಪ್ಪಿದರೆ ಅದು ಎಲ್ಲರಿಗೂ ಕಾಣುತ್ತದೆ. ಕೋವಿಡ್ ಲಸಿಕೆಯ ಬಗ್ಗೆ ಹೀಗೆ ಬಂದ ಟಿಪ್ಪಣಿಗಳ ಮಾದರಿಯೊಂದನ್ನು ಪರಿಶೀಲಿಸಿದ ಸಂಶೋಧಕರು, ಅವುಗಳಲ್ಲಿ ಶೇ 97ರಷ್ಟು ಸರಿಯಾಗಿದ್ದವು ಎಂದು 2024ರಲ್ಲಿ ವೈದ್ಯಕೀಯ ನಿಯತಕಾಲಿಕ ‘ಜಾಮಾ’ದಲ್ಲಿ ಬರೆದರು. ಕೊರತೆ ಇರುವುದು ವೇಗದಲ್ಲಿ. ಟಿಪ್ಪಣಿಗೆ ಒಪ್ಪಿಗೆ ಸಿಗುವ ಹೊತ್ತಿಗೆ ಸುಳ್ಳು ಸುತ್ತಾಡಿ ಬಂದಿರುತ್ತದೆ. ಮುಚ್ಚಿದ ಗ್ರೂಪುಗಳಲ್ಲಿ ಓಡಾಡುವ ಫಾರ್ವರ್ಡುಗಳಿಗಂತೂ ಇಂಥ ಟಿಪ್ಪಣಿ ಅಂಟಿಸಲು ಜಾಗವೇ ಇಲ್ಲ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಕಷ್ಟದಲ್ಲಿರುವವರು ಸಹಾಯ ಕೇಳುವಾಗ ತಮ್ಮ ಬಗ್ಗೆ ಎಲ್ಲವನ್ನೂ ಬಿಚ್ಚಿಡುತ್ತಾರೆ. ರೋಗಿಯ ಹೆಸರು, ವಯಸ್ಸು, ಆಸ್ಪತ್ರೆ, ಮನೆಯವರ ಫೋನ್ ನಂಬರ್. ಎರಡನೇ ಅಲೆಯಲ್ಲಿ ಹೀಗೆ ನಂಬರ್ ಹಾಕಿದ ಹೆಣ್ಣುಮಕ್ಕಳಿಗೆ ಅಪರಿಚಿತರಿಂದ ಅಸಹ್ಯದ ಕರೆಗಳು ಬಂದವು. ಔಷಧ ಕೊಡಿಸುತ್ತೇವೆಂದು ಮುಂಗಡ ದುಡ್ಡು ಪಡೆದು ಮಾಯವಾದವರೂ ಇದ್ದರು. ರೋಗಿ ಚೇತರಿಸಿಕೊಂಡ ಮೇಲೂ, ಇಲ್ಲವೇ ತೀರಿಕೊಂಡ ಮೇಲೂ ಆ ವಿವರ ಇಂಟರ್ನೆಟ್ಟಿನಲ್ಲಿ ಹಾಗೇ ಉಳಿಯಿತು. ಬೆಡ್ ಸಿಕ್ಕಿದ ಕೂಡಲೇ ನಂಬರನ್ನು ತಾನಾಗಿಯೇ ಅಳಿಸುವ ಏರ್ಪಾಡು ಕಷ್ಟದ ತಂತ್ರಜ್ಞಾನವೇನಲ್ಲ. ಕೇಳುವವರ ನಂಬರನ್ನು ಎಲ್ಲರಿಗೂ ತೋರಿಸದೆ, ಸ್ವಯಂಸೇವಕರಿಗೆ ಮಾತ್ರ ಕಾಣುವಂತೆ ಮಾಡಿದರೂ ಕೆಲಸ ನಡೆಯುತ್ತದೆ. ಮೊದಲೇ ಯೋಚಿಸಿಟ್ಟಿರಬೇಕು, ಅಷ್ಟೇ. ಜೀವ ಕೈಯಲ್ಲಿ ಹಿಡಿದುಕೊಂಡು ಓಡುವಾಗ ಯಾರಿಗೂ ಇದು ಹೊಳೆಯುವುದಿಲ್ಲ.

ಈ ‘ಮೊದಲೇ’ ಎನ್ನುವ ಮಾತಿನಲ್ಲೇ ಎಲ್ಲ ಇದೆ. ಕೋವಿಡ್ ಟ್ರ್ಯಾಕಿಂಗ್ ಪ್ರಾಜೆಕ್ಟ್ ಸರಿಯಾಗಿ ಒಂದು ವರ್ಷ ನಡೆದು 2021ರ ಮಾರ್ಚ್ 7ರಂದು ದೈನಂದಿನ ಎಣಿಕೆ ನಿಲ್ಲಿಸಿತು. ಇದು ಸರ್ಕಾರ ಮಾಡಬೇಕಾದ ಕೆಲಸ, ಈಗ ಅವರ ಮಾಹಿತಿ ಸುಧಾರಿಸಿದೆ ಎಂದರು. ಜಾನ್ಸ್ ಹಾಪ್ಕಿನ್ಸ್ ನಕ್ಷೆ 2023ರ ಮಾರ್ಚ್ 10ಕ್ಕೆ ನಿಂತಿತು. ಎರಡೂ ತಂಡಗಳು ತಮ್ಮ ಅಂಕಿಗಳನ್ನು ಅಳಿಸದೆ ಬಿಟ್ಟುಹೋಗಿವೆ, ಅದು ದೊಡ್ಡ ಉಪಕಾರ. ಆದರೆ ಅಂಕಿ ಉಳಿದರೂ ಕೈಗಳು ಚದುರಿಹೋಗುತ್ತವೆ. ಬುಲೆಟಿನ್ ಓದಲು ಕಲಿತ ಹುಡುಗ ಬೇರೆ ಕೆಲಸಕ್ಕೆ ಹೋದ. ರಾತ್ರಿಯೆಲ್ಲ ಕೂತು ಸಿಲಿಂಡರ್ ಪಟ್ಟಿ ತಿದ್ದುತ್ತಿದ್ದ ಹುಡುಗಿಗೆ ಆ ದಿನಗಳನ್ನು ನೆನೆದರೆ ಇವತ್ತಿಗೂ ನಿದ್ದೆ ಬರಲಿಕ್ಕಿಲ್ಲ. ಸಂಬಳವಿಲ್ಲದ ದುಡಿಮೆ ಎಷ್ಟು ದಿನ ನಡೆದೀತು?

ಪ್ರೊಮೆಡ್‌ಗೂ ಈ ಕಷ್ಟ ತಪ್ಪಲಿಲ್ಲ. 2023ರ ಮಧ್ಯದಲ್ಲಿ ಅದರ ಕೈಯಲ್ಲಿ ದುಡ್ಡು ಮುಗಿಯುತ್ತಾ ಬಂತು. ಅದನ್ನು ನಡೆಸುವ ಸಂಸ್ಥೆ ಓದುಗರಿಂದ ಚಂದಾ ಪಡೆಯುವ ಯೋಜನೆ ಮುಂದಿಟ್ಟಿತು. ಬರಬೇಕಾದ ಗೌರವಧನ ಬಾಕಿ ಇದೆ, ಮುಂದಿನ ದಾರಿ ಗೊತ್ತಿಲ್ಲ ಎಂದು ಸಂಪಾದಕರಲ್ಲಿ ಹಲವರು ಬಹಿರಂಗ ಪತ್ರ ಬರೆದು ಕೆಲಸ ನಿಲ್ಲಿಸಿದರು. ಸಾರ್ಸ್ ಬಂದಾಗಲೂ ಕೋವಿಡ್ ಬಂದಾಗಲೂ ‘ಏನೋ ಇದೆಯಂತೆ, ಯಾರಿಗಾದರೂ ಗೊತ್ತೇ?’ ಎಂದು ಮೊದಲು ಕೇಳಿದವರಲ್ಲಿ ಒಂದಾದ ಆ ಇಮೇಲ್ ಪಟ್ಟಿಗೆ, ಮುಂದಿನ ಸಲ ಅದೇ ಪ್ರಶ್ನೆ ಬಂದಾಗ ಅದನ್ನು ಓದಿ, ತೂಗಿ, ಕಳಿಸಲು ರಾತ್ರಿ ಎಚ್ಚರವಿರುವ ಒಬ್ಬ ಸಂಪಾದಕರು ಬೇಕು. ಅವರಿಗೆ ಸಂಬಳವೂ ಬೇಕು.